ಮಗುವನ್ನು ಜೋಲಿ ಅಥವಾ ಕ್ಯಾರಿಯರ್‌ನಲ್ಲಿ ಎತ್ತಿಕೊಳ್ಳುವಾಗ ಬೆನ್ನುನೋವು ಬಾರದಂತೆ ಅನುಸರಿಸಬೇಕಾದ ಕ್ರಮಗಳು

ತಾಯಿ ಕಾರ್ಡ್, ಮಾತೃವಂದನಾ ಯೋಜನೆಯ ಸಹಾಯಧನ, ಜನನ ಪ್ರಮಾಣಪತ್ರ, ಲಸಿಕೆ ಮುಂತಾದ ಸೇವೆಗಳಿಗಾಗಿ ಕಚೇರಿಗಳಿಗೂ ಆರೋಗ್ಯ ಕೇಂದ್ರಗಳಿಗೂ ಬರುವ ತಾಯಂದಿರಲ್ಲಿ ಹೆಚ್ಚಿನವರು ಹಸುಗೂಸನ್ನು ಎತ್ತಿಕೊಂಡೇ ಬರುತ್ತಾರೆ. ಬಸ್ಸಿನ ಪ್ರಯಾಣ, ಸರತಿಯ ಸಾಲು, ಮತ್ತೆ ಬಸ್ಸು ಎಂದು ಅರ್ಧ ದಿನ ಕಳೆಯುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಬಾಣಂತಿಗೆ ಬೆನ್ನುನೋವು ಸಹಜವೆಂದು ಮನೆಯವರೂ, ಎಷ್ಟೋ ವೇಳೆ ಸ್ವತಃ ತಾಯಿಯೂ ಅದನ್ನು ಅಲ್ಲಿಗೇ ಬಿಟ್ಟುಬಿಡುವುದುಂಟು. ಈ ನೋವಿನ ಬಹುಪಾಲು ಮಗುವಿನ ತೂಕದಿಂದಲ್ಲ, ಆ ತೂಕವನ್ನು ದೇಹದ ಯಾವ ಭಾಗದಲ್ಲಿ, ಎಷ್ಟು ದೂರದಲ್ಲಿ ಹೊತ್ತುಕೊಳ್ಳಲಾಗಿದೆ ಎಂಬುದರಿಂದ ಉಂಟಾಗುತ್ತದೆ. ಆದುದರಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಬೆನ್ನು ನೋಯುವುದೇಕೆ?

ಗರ್ಭಾವಸ್ಥೆಯಲ್ಲಿ ಸ್ರವಿಸುವ ಹಾರ್ಮೋನುಗಳ ಪ್ರಭಾವದಿಂದ ಸೊಂಟದ ಕೀಲುಗಳನ್ನು ಹಿಡಿದಿಡುವ ಅಸ್ಥಿಬಂಧಗಳು ಸಡಿಲಗೊಂಡಿರುತ್ತವೆ. ಹೊಟ್ಟೆಯ ಮುಂಭಾಗದ ಸ್ನಾಯುಗಳು ಹಿಗ್ಗಿ, ಕೆಲವರಲ್ಲಿ ಎಡಬಲಗಳ ನಡುವೆ ಅಂತರವೂ ಉಂಟಾಗಿರುತ್ತದೆ. ಹೆರಿಗೆಯಾದೊಡನೆ ಇವು ಮೊದಲಿನ ಸ್ಥಿತಿಗೆ ಮರಳುವುದಿಲ್ಲ; ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗುತ್ತವೆ. ಬೆನ್ನಿಗೆ ಮುಂದಿನಿಂದ ಆಸರೆ ನೀಡಬೇಕಾದ ಹೊಟ್ಟೆಯ ಸ್ನಾಯುಗಳು ದುರ್ಬಲವಾಗಿರುವ ಈ ಕಾಲದಲ್ಲಿಯೇ ದಿನಕ್ಕೆ ಹತ್ತಾರು ಬಾರಿ ಮಗುವನ್ನು ಎತ್ತಿ ಇಳಿಸಬೇಕಾಗುತ್ತದೆ.

ಇದನ್ನು ಒಂದು ಸ್ಥೂಲ ಲೆಕ್ಕದಿಂದ ತಿಳಿಯಬಹುದು. ಬೆನ್ನೆಲುಬನ್ನು ನೇರವಾಗಿ ನಿಲ್ಲಿಸುವ ಹಿಂಬದಿಯ ಸ್ನಾಯುಗಳು ಬೆನ್ನೆಲುಬಿನ ಮಧ್ಯಭಾಗದಿಂದ ಸುಮಾರು 5 ಸೆಂ.ಮೀ. ದೂರದಲ್ಲಿರುತ್ತವೆ. 6 ಕೆ.ಜಿ. ತೂಕದ ಮಗುವನ್ನು ಕೈಚಾಚಿ, ಬೆನ್ನೆಲುಬಿನಿಂದ 40 ಸೆಂ.ಮೀ. ಮುಂದೆ ಹಿಡಿದಾಗ ಆ ಭಾರವನ್ನು ಸರಿದೂಗಿಸಲು ಈ ಸ್ನಾಯುಗಳು ಸುಮಾರು 48 ಕೆ.ಜಿ.ಗೆ ಸಮನಾದ ಬಲದಿಂದ ಎಳೆಯಬೇಕಾಗುತ್ತದೆ. ಅದೇ ಮಗು ಎದೆಗೆ ಒತ್ತಿಕೊಂಡು 20 ಸೆಂ.ಮೀ. ದೂರದಲ್ಲಿದ್ದರೆ 24 ಕೆ.ಜಿ. ಬಲ ಸಾಕು. ತಕ್ಕಡಿಯ ದಂಡಿಗೆಯಲ್ಲಿ ಬಟ್ಟನ್ನು ದೂರ ಸರಿಸಿದಂತೆ ಅದರ ಪ್ರಭಾವ ಹೆಚ್ಚುವುದನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುವ ಸಂಗತಿ. ಜೋಲಿಯನ್ನು ಸಡಿಲವಾಗಿ ಕಟ್ಟಿದಾಗ ಮಗು ಕೆಳಕ್ಕೆ ಜಾರಿ ಮುಂದಕ್ಕೆ ವಾಲುತ್ತದೆ. ಆಗ ತಾಯಿ ತನಗರಿವಿಲ್ಲದೆಯೇ ಹಿಂದಕ್ಕೆ ಬಾಗಿ ನಿಲ್ಲುತ್ತಾಳೆ. ನೋವಿನ ಮೂಲ ಅಲ್ಲಿದೆ.

ನಮ್ಮ ಕಡೆ ರೂಢಿಯಲ್ಲಿರುವುದು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವ ಪದ್ಧತಿ. ಒಂದು ಕೈ ಬಿಡುವಾಗಿರುತ್ತದೆಂಬ ಅನುಕೂಲ ಅದರಲ್ಲಿದೆ. ಆದರೆ ಮಗು ನಿಲ್ಲಲೆಂದು ಸೊಂಟವನ್ನು ಒಂದು ಪಕ್ಕಕ್ಕೆ ಹೊರಚಾಚಬೇಕಾಗುವುದರಿಂದ ಬೆನ್ನೆಲುಬು ವಕ್ರವಾಗಿ, ಒಂದೇ ಬದಿಯ ಸ್ನಾಯುಗಳು ಇಡೀ ಭಾರವನ್ನು ತಾಳಬೇಕಾಗುತ್ತದೆ. ಬಹುತೇಕರು ದಿನವಿಡೀ ಒಂದೇ ಬದಿಯನ್ನು ಬಳಸುತ್ತಾರೆ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆಯನ್ನು ಬೆನ್ನುನೋವಿನ ಕಾರಣ ಹುಡುಕುವವರಿಗೂ ಅನ್ವಯಿಸಬಹುದು.

ಬೆನ್ನಿಗೆ ಕೊಟ್ಟ ಇಂಜೆಕ್ಷನ್ ಕಾರಣವೇ?

ಶಸ್ತ್ರಚಿಕಿತ್ಸೆಯ ಮೂಲಕ ಹೆರಿಗೆಯಾದ ಅನೇಕರು ತಮ್ಮ ನೋವಿಗೆ ಅರಿವಳಿಕೆಗಾಗಿ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನೇ ಕಾರಣವೆಂದು ದೃಢವಾಗಿ ನಂಬಿರುತ್ತಾರೆ. ಸೂಜಿ ಚುಚ್ಚಿದ ಜಾಗದಲ್ಲಿ ಕೆಲವು ದಿನ ನೋವಿರುವುದು ನಿಜ. ಆದರೆ ಹೆರಿಗೆಯ ವೇಳೆ ಬೆನ್ನಿನ ಮೂಲಕ ನೀಡುವ ನೋವುನಿವಾರಕದಿಂದ ದೀರ್ಘಕಾಲದ ಬೆನ್ನುನೋವು ಹೆಚ್ಚುತ್ತದೆಂದು ವೈದ್ಯಕೀಯ ಪ್ರಯೋಗಗಳಲ್ಲಿ ಕಂಡುಬಂದಿಲ್ಲ. ಈ ನಂಬಿಕೆಯಿಂದಾಗುವ ಹಾನಿಯೆಂದರೆ, ಆದದ್ದಾಯಿತು, ಇನ್ನು ಮಾಡುವಂಥದ್ದೇನೂ ಇಲ್ಲವೆಂದು ತಾಯಿ ಸುಮ್ಮನಾಗುವುದು. ಎತ್ತಿಕೊಳ್ಳುವ, ಹಾಲೂಡಿಸುವ ಮತ್ತು ಬಗ್ಗುವ ರೀತಿಯನ್ನು ತಿದ್ದಿಕೊಂಡರೆ ನೋವು ಕಡಿಮೆಯಾಗುವ ಸಾಧ್ಯತೆ ಸಾಕಷ್ಟಿರುವಾಗ ಹಾಗೆ ಸುಮ್ಮನಾಗುವುದು ಸರಿಯಲ್ಲ.

ಯಾವ ಬಗೆಯ ಜೋಲಿ ಅಥವಾ ಕ್ಯಾರಿಯರ್?

ಬಳಕೆಯಲ್ಲಿರುವ ಸಾಧನಗಳು ಮುಖ್ಯವಾಗಿ 3 ಬಗೆಯವು. ಒಂದೇ ಹೆಗಲಿನ ಮೇಲೆ ಹಾದುಹೋಗುವ, ಬಳೆಗಳಿಂದ ಬಿಗಿಗೊಳಿಸುವ ಸ್ಲಿಂಗ್ ಒಂದು. ಎರಡೂ ಹೆಗಲಿನ ಮೇಲಿಂದ ಬಂದು ಬೆನ್ನಿನ ಹಿಂದೆ ಅಡ್ಡಹಾಯ್ದು ಸೊಂಟದಲ್ಲಿ ಗಂಟು ಬೀಳುವ ಉದ್ದನೆಯ ಬಟ್ಟೆ ಮತ್ತೊಂದು. ಸೊಂಟಪಟ್ಟಿ, ಹೆಗಲುಪಟ್ಟಿ ಹಾಗೂ ಬಕಲ್‌ಗಳಿರುವ ಕ್ಯಾರಿಯರ್ ಮೂರನೆಯದು. ಬೆನ್ನಿನ ದೃಷ್ಟಿಯಿಂದ ಎರಡೂ ಹೆಗಲುಗಳ ಮೇಲೆ ಭಾರ ಹಂಚಿಹೋಗುವ ಬಗೆಗಳೇ ಮೇಲು. ಮಗು 5 ಅಥವಾ 6 ಕೆ.ಜಿ. ದಾಟಿದ ನಂತರವಂತೂ ಸೊಂಟಪಟ್ಟಿ ಇರುವ ಕ್ಯಾರಿಯರ್ ಹೆಚ್ಚು ಅನುಕೂಲಕರ. ಒಂಟಿ ಹೆಗಲಿನ ಸ್ಲಿಂಗ್ ಅಲ್ಪಾವಧಿಗೆ ಮಾತ್ರ ಯುಕ್ತವಾಗಿದ್ದು, ಪ್ರತಿ ಬಾರಿಯೂ ಹೆಗಲನ್ನು ಬದಲಿಸತಕ್ಕದ್ದು.

ಬೆಲೆ ಹೆಚ್ಚಿದ್ದ ಮಾತ್ರಕ್ಕೆ ಸಾಧನ ಉತ್ತಮವಾಗಿರಬೇಕೆಂದಿಲ್ಲ. ಸುಮಾರು 5.5 ಮೀಟರ್ ಉದ್ದದ ಸಾಧಾರಣ ಹತ್ತಿ ಸೀರೆಯಿಂದಲೂ ಎರಡು ಹೆಗಲಿನ ಜೋಲಿಯನ್ನು ಕಟ್ಟಬಹುದು. ರೇಷ್ಮೆ ಹಾಗೂ ನೈಲಾನ್ ಸೀರೆಗಳಲ್ಲಿ ಗಂಟು ಜಾರುವುದರಿಂದ ಅವುಗಳನ್ನು ಬಳಸಬಾರದು. ಹಳೆಯ ಸೀರೆಯನ್ನು ಬೆಳಕಿಗೆ ಹಿಡಿದು ಸವೆದ ಜಾಗವಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮೊದಲು 5 ಕೆ.ಜಿ. ಅಕ್ಕಿಯ ಚೀಲವನ್ನು ಕಟ್ಟಿಕೊಂಡು ಮನೆಯೊಳಗೆ ನಾಲ್ಕು ಹೆಜ್ಜೆ ನಡೆದು ನೋಡುವುದು ಒಳ್ಳೆಯದು. ಗಂಟು ಹೇಗೆ ನಿಲ್ಲುತ್ತದೆ, ಭಾರ ಎಲ್ಲಿ ಬೀಳುತ್ತದೆ ಎಂಬುದು ಅಕ್ಕಿಯ ಚೀಲದಿಂದಲೇ ತಿಳಿದುಬಿಡುತ್ತದೆ. ಹೊಲದ ಬದುವಿನಲ್ಲಿ ಮರದ ಕೊಂಬೆಗೆ ಕಟ್ಟುವ ಜೋಲಿಯ ವಿಧಾನವೇ ಬೇರೆ. ಅದೇ ರೀತಿ ಚೀಲದಂತೆ ಆಳವಾಗಿ ಕಟ್ಟಿ ಮೈಮೇಲೆ ತೂಗಿಕೊಳ್ಳುವುದು ಅಪಾಯಕರ. ಇದರ ಕಾರಣವನ್ನು ಮುಂದೆ ವಿವರಿಸಲಾಗಿದೆ.

ಕಟ್ಟಿಕೊಳ್ಳುವ ಕ್ರಮ

ಕ್ಯಾರಿಯರ್‌ನ ಸೊಂಟಪಟ್ಟಿಯು ಹೊಟ್ಟೆಯ ಮೃದುಭಾಗದ ಮೇಲಲ್ಲ, ಎರಡೂ ಪಕ್ಕಗಳಲ್ಲಿ ಕೈಗೆ ಸಿಗುವ ಸೊಂಟದ ಮೂಳೆಗಳ ಮೇಲೆ ಕುಳಿತಿರಬೇಕು. ಮೊದಲು ಈ ಪಟ್ಟಿಯನ್ನು ಬಿಗಿಯಾಗಿ ಕಟ್ಟಿ, ನಂತರ ಮಗುವನ್ನು ಒಳಗೆ ಕೂರಿಸಿ, ಕೊನೆಯಲ್ಲಿ ಹೆಗಲುಪಟ್ಟಿಗಳನ್ನು ಎಳೆಯತಕ್ಕದ್ದು. ಈ ಕ್ರಮ ತಪ್ಪಿದರೆ ಇಡೀ ಭಾರ ಹೆಗಲಿಗೆ ಬಿದ್ದು ಕುತ್ತಿಗೆ ನೋಯುತ್ತದೆ. ಸರಿಯಾಗಿ ಕಟ್ಟಿದಾಗ ಹೆಗಲುಪಟ್ಟಿಯ ಕೆಳಗೆ ಬೆರಳು ತೂರಿಸಬಹುದಾದಷ್ಟು ಹಗುರವೆನಿಸಿ, ತೂಕ ಸೊಂಟದಲ್ಲಿ ನಿಂತಿರುತ್ತದೆ. ಹಿಂಬದಿಯಲ್ಲಿ ಎರಡು ಪಟ್ಟಿಗಳನ್ನು ಜೋಡಿಸುವ ಅಡ್ಡಪಟ್ಟಿ ಇದ್ದರೆ ಅದು ಹೆಗಲೆಲುಬುಗಳ ನಡುವೆ ಬರಬೇಕು. ಕುತ್ತಿಗೆಯ ಬುಡಕ್ಕೆ ಏರಿರಬಾರದು.

ಬಟ್ಟೆಯ ಜೋಲಿಯಾದರೆ ಹೆಗಲಿನ ಮೇಲೆ ಹಗ್ಗದಂತೆ ಮುದುಡದೆ, ತೋಳಿನ ಬುಡದವರೆಗೆ ಹರಡಿಕೊಂಡಿರಬೇಕು. ಬೆನ್ನಿನ ಮೇಲೆಯೂ ಅಷ್ಟೇ. ಅಗಲವಾಗಿ ಹರಡಿದ ಬಟ್ಟೆ ತೂಕವನ್ನು ಹಂಚುತ್ತದೆ, ಮುದುಡಿದ ಬಟ್ಟೆ ಕೊರೆಯುತ್ತದೆ.

ಮಗುವಿನ ಎತ್ತರವನ್ನು ಪರೀಕ್ಷಿಸಲು ಸುಲಭವಾದ ಉಪಾಯವೊಂದಿದೆ. ತಲೆಯನ್ನು ತುಸು ಬಗ್ಗಿಸಿದಾಗ ಮಗುವಿನ ನೆತ್ತಿಗೆ ಮುತ್ತಿಡಲು ಸಾಧ್ಯವಾಗಬೇಕು. ಆಗದಿದ್ದಲ್ಲಿ ಮಗು ಕೆಳಗಿದೆ ಎಂದೇ ಅರ್ಥ. ಮಗುವಿನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲನೆ ಒತ್ತಿದಾಗ ಅದು ಮತ್ತಷ್ಟು ಒಳಕ್ಕೆ ಬಂದರೆ ಕಟ್ಟು ಸಡಿಲವಾಗಿದೆ ಎಂದು ತಿಳಿಯಬೇಕು. ಮಗುವಿನ ಮುಖ ತಾಯಿಯ ಕಡೆಗಿರುವುದೇ ಮೇಲು. ಹೊರಮುಖವಾಗಿ ಕೂರಿಸಿದಾಗ ಮಗು ಎದೆಗೆ ಅಂಟಿಕೊಳ್ಳುವುದಿಲ್ಲ, ಕೈಕಾಲು ಆಡಿಸುತ್ತ ಮುಂದಕ್ಕೆ ಎಳೆಯುತ್ತದೆ. ತಾಯಿಯ ಸೊಂಟ ಹಿಂದಕ್ಕೆ ಬಾಗುತ್ತದೆ. ಲೋಕವನ್ನೆಲ್ಲ ನೋಡಬೇಕೆಂಬ ಮಗುವಿನ ಹಂಬಲ ಸಹಜವೇ. ಕುತ್ತಿಗೆ ನಿಂತ ಮಗುವಿಗೆ ಅಲ್ಪಕಾಲ ಇದಕ್ಕೆ ಅವಕಾಶ ನೀಡಬಹುದಾದರೂ, ದೂರ ನಡೆಯುವಾಗ ಹಾಗೆ ಕೂರಿಸಬಾರದು.

ಮಗು ಆಸರೆಯಿಲ್ಲದೆ ಕುಳಿತುಕೊಳ್ಳಲು ಆರಂಭಿಸಿದ ನಂತರ, ಸಾಮಾನ್ಯವಾಗಿ 6 ತಿಂಗಳ ಆಚೆಗೆ, ಬೆನ್ನ ಮೇಲೆ ಕಟ್ಟಿಕೊಳ್ಳಬಹುದು. ಭಾರ ಹೆಚ್ಚಿದಾಗ ಬೆನ್ನಿಗೆ ಇದೇ ಅತ್ಯಂತ ಸುಖಕರವಾದ ಭಂಗಿ. ಮೊದಲ ಕೆಲವು ಸಲ ಮತ್ತೊಬ್ಬರ ನೆರವಿನಿಂದ, ಮಂಚದ ಪಕ್ಕದಲ್ಲಿ ಕುಳಿತು ಅಭ್ಯಾಸ ಮಾಡುವುದು ಕ್ಷೇಮ.

ಎಷ್ಟು ಹೊತ್ತು?

ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಮಾನದಂಡದ ಪ್ರಕಾರ 6 ತಿಂಗಳ ಗಂಡುಮಗುವಿನ ಮಧ್ಯಮ ತೂಕ 7.9 ಕೆ.ಜಿ., ಹೆಣ್ಣುಮಗುವಿನದು 7.3 ಕೆ.ಜಿ. ಒಂದು ವರ್ಷಕ್ಕೆ ಅದು ಕ್ರಮವಾಗಿ 9.6 ಮತ್ತು 8.9 ಕೆ.ಜಿ. ಹುಟ್ಟಿದಂದಿನಿಂದ ಎತ್ತಿಕೊಳ್ಳುತ್ತ ಬಂದವರ ಬೆನ್ನು ಈ ಏರಿಕೆಗೆ ನಿಧಾನವಾಗಿ ಒಗ್ಗುತ್ತದೆ. ಆರೇಳು ತಿಂಗಳಾದ ಮೇಲೆ ಮೊದಲ ಬಾರಿಗೆ ಕ್ಯಾರಿಯರ್ ಕೊಂಡು, ಅದೇ ದಿನ ಜಾತ್ರೆಗೋ ಬೆಟ್ಟದ ದೇವಸ್ಥಾನಕ್ಕೋ ಹೊರಟರೆ ಮರುದಿನ ಏಳುವುದು ಕಷ್ಟವಾದೀತು. ಮೊದಲ ವಾರ ದಿನಕ್ಕೆ 15ರಿಂದ 20 ನಿಮಿಷದಷ್ಟು ಮಾತ್ರ ಕಟ್ಟಿಕೊಂಡು, ನಂತರ ಕಾಲಾವಧಿಯನ್ನು ಹೆಚ್ಚಿಸುತ್ತ ಹೋಗುವುದು ಸೂಕ್ತ. ನೋವು ಆರಂಭವಾದೊಡನೆ ಇಳಿಸಬೇಕು. ತಾಳಿಕೊಂಡು ನಿಲ್ಲುವುದರಿಂದ ಯಾವ ಪ್ರಯೋಜನವೂ ಇಲ್ಲ.

ಶಸ್ತ್ರಚಿಕಿತ್ಸೆಯ ಹೆರಿಗೆಯಾದವರು 6 ವಾರಗಳವರೆಗೆ ಮಗುವಿಗಿಂತ ಭಾರವಾದ ಯಾವುದನ್ನೂ ಎತ್ತಬಾರದು. ಸೊಂಟಪಟ್ಟಿಯು ಹೊಲಿಗೆಯ ಗಾಯವನ್ನು ಒತ್ತುವಂತಿದ್ದರೆ, ವೈದ್ಯರು ನೋಡಿ ಒಪ್ಪುವವರೆಗೆ ಅಂಥ ಕ್ಯಾರಿಯರ್ ಬಳಸದೆ, ಗಾಯದಿಂದ ಮೇಲಕ್ಕೆ ನಿಲ್ಲುವ ಬಟ್ಟೆಯ ಕಟ್ಟನ್ನು ಬಳಸಬಹುದು.

ಮಗುವನ್ನು ತಾಯಿಯೇ ಎತ್ತಿಕೊಳ್ಳಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಕ್ಯಾರಿಯರ್‌ನ ಪಟ್ಟಿಗಳನ್ನು ತಂದೆಯ ಅಳತೆಗೂ ಹೊಂದಿಸಿಕೊಳ್ಳಬಹುದು. ಕಚೇರಿಗೆ ಇಬ್ಬರೂ ಬಂದಿದ್ದು, ತಂದೆಯ ಕೈಯಲ್ಲಿ ಕೇವಲ ದಾಖಲೆಗಳ ಚೀಲ, ತಾಯಿಯ ಸೊಂಟದ ಮೇಲೆ ಮಗು ಇರುವ ದೃಶ್ಯ ನಮ್ಮಲ್ಲಿ ಇಂದಿಗೂ ಸಾಮಾನ್ಯ. ಇದನ್ನು ಅದಲುಬದಲು ಮಾಡಿಕೊಳ್ಳಲು ಯಾವ ವೆಚ್ಚವೂ ತಗಲುವುದಿಲ್ಲ. ಅಜ್ಜಿಯರು ಎತ್ತಿಕೊಳ್ಳುವಾಗ ಮಾತ್ರ ಅವರ ಮೂಳೆಗಳ ಸವೆತವನ್ನು ಗಮನದಲ್ಲಿಟ್ಟುಕೊಳ್ಳಬೇಕು. ಕೂಲಿಗೆ ಹೋಗುವ ತಾಯಂದಿರು ತಮ್ಮ ಗ್ರಾಮ ಪಂಚಾಯಿತಿಯಲ್ಲಿ, 2023–24ನೇ ಸಾಲಿನಿಂದ ಆರಂಭಿಸಲಾದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರವಿದೆಯೇ ಎಂದು ವಿಚಾರಿಸಬಹುದು.

ಮಗುವಿನ ಉಸಿರು ಮತ್ತು ಸೊಂಟದ ಕೀಲು

ಬೆನ್ನಿನ ನೋವನ್ನು ತಪ್ಪಿಸುವ ಆತುರದಲ್ಲಿ ಮಗುವಿನ ಸುರಕ್ಷತೆಯನ್ನು ಮರೆಯುವಂತಿಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 2010ರ ಮಾರ್ಚ್‌ನಲ್ಲಿ ನೀಡಿದ ಎಚ್ಚರಿಕೆಯಲ್ಲಿ, ಅದಕ್ಕೆ ಹಿಂದಿನ 20 ವರ್ಷಗಳಲ್ಲಿ ಸ್ಲಿಂಗ್‌ಗಳಿಗೆ ಸಂಬಂಧಿಸಿದ ಕನಿಷ್ಠ 14 ಶಿಶುಮರಣಗಳನ್ನು ಗುರುತಿಸಿತ್ತು. ಅವುಗಳಲ್ಲಿ 12 ಶಿಶುಗಳು 4 ತಿಂಗಳಿಗಿಂತ ಚಿಕ್ಕವು. ಇಂಥ ಅವಘಡ ಎರಡು ವಿಧದಲ್ಲಿ ಸಂಭವಿಸುತ್ತದೆ. ಬಟ್ಟೆಯೋ ತಾಯಿಯ ಮೈಯೋ ಮೂಗು ಬಾಯಿಗಳನ್ನು ಮುಚ್ಚುವುದು ಒಂದು. ಚೀಲದಂಥ ಆಳದ ಜೋಲಿಯಲ್ಲಿ ಮಗು ಬಿಲ್ಲಿನಂತೆ ಬಾಗಿ, ಗದ್ದ ಎದೆಗೆ ಒತ್ತಿಕೊಂಡು ಶ್ವಾಸನಾಳ ಕಿರಿದಾಗುವುದು ಇನ್ನೊಂದು. ಕುತ್ತಿಗೆ ನಿಲ್ಲದ ಮಗುವಿಗೆ ತಲೆ ಎತ್ತಿಕೊಳ್ಳಲೂ ಆಗದು, ಉಸಿರು ಕಟ್ಟಿದಾಗ ಅಳಲೂ ಆಗದು. ಆದುದರಿಂದ ಮಗುವಿನ ಮುಖ ಸದಾ ಕಣ್ಣಿಗೆ ಕಾಣುತ್ತಿರಬೇಕು, ಗದ್ದ ಮತ್ತು ಎದೆಯ ನಡುವೆ ಒಂದು ಬೆರಳಿನಷ್ಟಾದರೂ ಅಂತರವಿರಬೇಕು, ಬೆನ್ನಿಗೆ ಆಸರೆಯಿರಬೇಕು. ಸೆರಗು ಅಥವಾ ಶಾಲನ್ನು ಮುಖದ ಮೇಲೆ ಹೊದಿಸಬಾರದು. ಅವಧಿಗೆ ಮುನ್ನ ಹುಟ್ಟಿದ, ಕಡಿಮೆ ತೂಕದ ಅಥವಾ ನೆಗಡಿ ಉಸಿರಾಟದ ತೊಂದರೆಯಿರುವ ಶಿಶುವಿಗೆ ವೈದ್ಯರನ್ನು ಕೇಳದೆ ಜೋಲಿ ಬಳಸಬಾರದು.

ಕಡಿಮೆ ತೂಕದ ಶಿಶುಗಳಿಗೆ ಆಸ್ಪತ್ರೆಯಲ್ಲಿ ಹೇಳಿಕೊಡುವ ಕಾಂಗರೂ ಆರೈಕೆ ಇದಕ್ಕಿಂತ ಭಿನ್ನವಾದುದು. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಮಗುವನ್ನು ತಾಯಿಯ ಬರಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ನೆಟ್ಟಗೆ ಕಟ್ಟಲಾಗುತ್ತದೆ. ದಿನಕ್ಕೆ 8ರಿಂದ 24 ಗಂಟೆಗಳ ಆರೈಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದೆ. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿಯೂ ಇದನ್ನು ಮನೆಮನೆಗೆ ವಿಸ್ತರಿಸುವ ಸಂಶೋಧನಾ ಕಾರ್ಯ ನಡೆದಿದೆ. ಇಷ್ಟು ದೀರ್ಘಕಾಲ ಹೊರುವಾಗ ತಾಯಿ ನಿಂತೇ ಇರಬೇಕಾಗಿಲ್ಲ. ದಿಂಬುಗಳನ್ನು ಒರಗಿಸಿಕೊಂಡು, ಅರೆಮಲಗಿದ ಭಂಗಿಯಲ್ಲಿ ಇದ್ದರೆ ಬೆನ್ನಿಗೆ ವಿಶ್ರಾಂತಿ ದೊರೆಯುತ್ತದೆ. ತಂದೆಯೂ ಈ ಆರೈಕೆ ನೀಡಬಹುದು.

ಮಗುವಿನ ಕಾಲುಗಳು ಕೆಳಕ್ಕೆ ನೇರವಾಗಿ ಜೋತಾಡುವಂತಿರಬಾರದು. ತೊಡೆಗಳಿಗೆ ಮಂಡಿಯವರೆಗೂ ಬಟ್ಟೆಯ ಆಸರೆಯಿದ್ದು, ಮಂಡಿಗಳು ಪೃಷ್ಠಕ್ಕಿಂತ ತುಸು ಮೇಲಿದ್ದು, ಇಂಗ್ಲಿಷಿನ ‘ಎಂ’ ಅಕ್ಷರದ ಆಕಾರ ಬರಬೇಕು. ಸೊಂಟದ ಕೀಲಿನ ಬೆಳವಣಿಗೆಗೆ ಇದು ಅನುಕೂಲ. ಈ ವಿಷಯದಲ್ಲಿ ಸೊಂಟದ ಮೇಲೆ ಕಾಲಗಲಿಸಿ ಕೂರಿಸುವ ನಮ್ಮ ಪದ್ಧತಿ ಮಗುವಿಗೆ ಒಳ್ಳೆಯದೇ ಎಂಬುದನ್ನು ಒಪ್ಪಬೇಕು; ತೊಂದರೆಯಿರುವುದು ಎತ್ತಿಕೊಂಡವರಿಗೆ. ಹುಟ್ಟಿನಿಂದ ಬರುವ ಸೊಂಟದ ಕೀಲಿನ ದೋಷವನ್ನು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಸೇರಿಸಲಾಗಿದೆ. ಕಾಲುಗಳ ಉದ್ದದಲ್ಲಿ ವ್ಯತ್ಯಾಸ ಕಂಡರೆ, ಒಂದು ಕಾಲು ಅಗಲಿಸಲು ಬಾರದಿದ್ದರೆ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯರಿಗೆ ತಿಳಿಸತಕ್ಕದ್ದು.

ಜೋಲಿಯಲ್ಲಿ ಮಗುವಿರುವಾಗ ಒಲೆಯ ಮುಂದೆ ನಿಲ್ಲುವುದು, ಬಿಸಿ ಕಾಫಿ ಹಿಡಿದುಕೊಳ್ಳುವುದು ಸಲ್ಲದು. ಕೆಳಗೆ ಬಿದ್ದ ವಸ್ತುವನ್ನು ತೆಗೆಯಲು ಸೊಂಟದಿಂದ ಬಾಗದೆ, ಒಂದು ಕೈಯಿಂದ ಮಗುವನ್ನು ಹಿಡಿದು ಮಂಡಿ ಮಡಿಸಿ ಕೂರಬೇಕು. ದ್ವಿಚಕ್ರ ವಾಹನದಲ್ಲಿ ಜೋಲಿಯು ರಕ್ಷಣಾ ಸಾಧನವಾಗದು. ಕೇಂದ್ರ ಮೋಟಾರು ವಾಹನ ನಿಯಮಗಳ 2022ರ ತಿದ್ದುಪಡಿಯ ಪ್ರಕಾರ 9 ತಿಂಗಳಿಂದ 4 ವರ್ಷದವರೆಗಿನ ಮಗುವಿಗೆ ಸವಾರರೊಡನೆ ಜೋಡಿಸುವ ಸುರಕ್ಷತಾ ಪಟ್ಟಿ ಹಾಗೂ ಹೆಲ್ಮೆಟ್ ಕಡ್ಡಾಯವಾಗಿದ್ದು, ವೇಗ ಗಂಟೆಗೆ 40 ಕಿ.ಮೀ. ಮೀರುವಂತಿಲ್ಲ.

ಬಿಸಿಲು ಹೆಚ್ಚಿರುವ ರಾಯಚೂರು, ಕಲಬುರಗಿಯಂತಹ ಜಿಲ್ಲೆಗಳಲ್ಲಿ ಜೋಲಿಯ ಬಟ್ಟೆಯನ್ನೂ ಉಡುಪಿನ ಒಂದು ಪದರವೆಂದೇ ಎಣಿಸಿ ಮಗುವಿಗೆ ತೆಳುವಾದ ಹತ್ತಿ ಬಟ್ಟೆ ತೊಡಿಸಬೇಕು.

ಜೋಲಿಯ ಹೊರಗಿನ ಕಾರಣಗಳು

ಎತ್ತಿಕೊಂಡದ್ದರಿಂದ ಬಂದಿತೆಂದು ಭಾವಿಸುವ ನೋವಿನಲ್ಲಿ ಗಣನೀಯ ಪಾಲು ಹಾಲೂಡಿಸುವಾಗ ಕೂನಿ ಕುಳಿತುಕೊಳ್ಳುವುದರಿಂದ ಬರುತ್ತದೆ. ಮಗುವನ್ನು ಎದೆಯ ಮಟ್ಟಕ್ಕೆ ತರಬೇಕೇ ಹೊರತು ಎದೆಯನ್ನು ಮಗುವಿನತ್ತ ಬಗ್ಗಿಸಬಾರದು. ತೊಡೆಯ ಮೇಲೆ ಒಂದು ದಿಂಬು, ಬೆನ್ನ ಹಿಂದೆ ಗೋಡೆಯ ಆಸರೆ ಇದ್ದರೆ ಸಾಕು. ಹಾಗೆಯೇ ನೆಲದ ಮೇಲಿನ ಹಾಸಿಗೆಯಿಂದ ಮಗುವನ್ನು ಎತ್ತುವಾಗ ಒಂದು ಮಂಡಿಯೂರಿ, ಮೊದಲು ಮಗುವನ್ನು ಎದೆಗೆ ತಂದುಕೊಂಡು, ನಂತರ ಕಾಲಿನ ಬಲದಿಂದ ಏಳಬೇಕು. ಹೆಬ್ಬೆರಳುಗಳನ್ನು ಚಾಚಿ ಕಂಕುಳಿಗೆ ಕೈಹಾಕಿ ಎತ್ತುವ ಅಭ್ಯಾಸದಿಂದ ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ನೋವು ಬರುವುದರಿಂದ, ಒಂದು ಅಂಗೈಯನ್ನು ಪೃಷ್ಠದ ಕೆಳಗಿಟ್ಟು ಎತ್ತುವುದು ಉತ್ತಮ.

ಗರ್ಭಿಣಿಯರಿಗೆ 14ನೇ ವಾರದಿಂದ ನೀಡಲಾಗುವ ಕ್ಯಾಲ್ಸಿಯಂ ಮಾತ್ರೆಗಳನ್ನು ಹೆರಿಗೆಯ ನಂತರವೂ 6 ತಿಂಗಳು ದಿನಕ್ಕೆ 2ರಂತೆ ಸೇವಿಸಬೇಕಾಗಿದ್ದು, ಮಗು ಹುಟ್ಟಿದೊಡನೆ ಅದನ್ನು ನಿಲ್ಲಿಸುವುದು ತಪ್ಪು. ಕಬ್ಬಿಣಾಂಶದ ಮಾತ್ರೆಯೊಡನೆ ಒಟ್ಟಿಗೆ ನುಂಗದೆ, ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಕಾಲಿನಲ್ಲಿ ಜೋಮು ಅಥವಾ ಬಲಹೀನತೆ, ತೊಡೆಗಳ ನಡುವೆ ಸ್ಪರ್ಶ ತಿಳಿಯದಿರುವುದು, ಮಲಮೂತ್ರಗಳ ಮೇಲೆ ಹಿಡಿತ ತಪ್ಪುವುದು ಕಂಡುಬಂದರೆ ತಡಮಾಡದೆ ಅಂದೇ ಆಸ್ಪತ್ರೆಗೆ ತೆರಳಬೇಕು. ಜ್ವರದೊಡನೆ ಬೆನ್ನುನೋವು ಮತ್ತು ಉರಿಮೂತ್ರವಿದ್ದರೆ ಅದು ಮೂತ್ರಪಿಂಡದ ಸೋಂಕಾಗಿರಬಹುದು. ವಾರಗಟ್ಟಲೆ ಬಿಡದ ನೋವಿನ ಜೊತೆಗೆ ಸಂಜೆಯ ಜ್ವರ, ತೂಕ ಇಳಿಕೆ ಇದ್ದಲ್ಲಿ ಬೆನ್ನೆಲುಬಿನ ಕ್ಷಯದ ಪರೀಕ್ಷೆ ಅಗತ್ಯ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅದನ್ನು ಆಯಾಸವೆಂದು ಕಡೆಗಣಿಸಬಾರದು; ಬಾಣಂತಿಯರಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು.

ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೇ ದಿನಗಳಲ್ಲಿ ಭೇಟಿ ನೀಡುತ್ತಾರೆ. ಈ ಭೇಟಿಗಳಲ್ಲಿ ಮಗುವಿನ ತೂಕದ ಮಾತು ಮಾತ್ರವಲ್ಲ, ತಾಯಿ ತನ್ನ ಬೆನ್ನುನೋವಿನ ವಿಚಾರವನ್ನೂ ಹೇಳಿಕೊಳ್ಳಬಹುದು. ಆರೋಗ್ಯ ಕೇಂದ್ರದ ವೈದ್ಯರ ಅಥವಾ ಫಿಸಿಯೋಥೆರಪಿ ತಜ್ಞರ ಬಳಿಗೆ ಹೋಗುವಾಗ ತಾಯಿ ಕಾರ್ಡಿನೊಡನೆ, ಮನೆಯಲ್ಲಿ ಬಳಸುತ್ತಿರುವ ಜೋಲಿ ಅಥವಾ ಕ್ಯಾರಿಯರ್ ಅನ್ನು ಸಹ ತೆಗೆದುಕೊಂಡು ಹೋಗಿ, ದಿನವೂ ಕಟ್ಟಿಕೊಳ್ಳುವ ರೀತಿಯಲ್ಲಿಯೇ ಕಟ್ಟಿ ತೋರಿಸತಕ್ಕದ್ದು.